ನಾಲ್ಕು ಬೆರಳು ಜಾಗ ಕೊಡಿ

ಕಳೆದ ತಿಂಗಳು ಈ ಅಂಕಣದಲ್ಲಿ ಬೇರು ತರಕಾರಿಗಳ ಬಗ್ಗೆ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಚ್ಚಿನವು ಬೀಟ್‌ರೂಟ್ ಬಗ್ಗೆಯೇ. ಬರೆದವರೆಲ್ಲ ಚಳಿ ಜಾಸ್ತಿ, ಬೇಸಿಗೆ ಕಡಿಮೆ ಇರುವ ಕಡೆ ಕೈತೋಟ ಮಾಡುವವರು. ನಾನೂ ಅಂಥ ನೆಲದಲ್ಲೇ 14 ವರ್ಷದಿಂದ ಬೀಟ್‌ರೂಟ್ ಹಾಕುತ್ತಿದ್ದೇನೆ. ನಮ್ಮಲ್ಲಿ ಮೇ ಕೊನೆಯವರೆಗೂ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಎಲೆ ಮೇಲೆ ಬಿಳಿಯಾಗಿ ಕೂರುತ್ತದೆ, ಫ್ರಾಸ್ಟ್ ಅನ್ನುವುದು ಇದನ್ನೇ. ಸೆಪ್ಟೆಂಬರ್ ಎರಡನೇ ವಾರಕ್ಕೆ ಮತ್ತೆ ಶುರು. ನಡುವೆ ಸಿಗುವುದು ನೂರು ದಿನ, ಅಷ್ಟೇ. ಆ ನೂರು ದಿನದಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಹೇಳಿಬಿಡುತ್ತೇನೆ.

ಪ್ರಶ್ನೆ: ಅಕ್ಕಾ, ನಮ್ಮಲ್ಲಿ ಫ್ರಾಸ್ಟ್ ಇಲ್ಲದ ದಿನ ಹೆಚ್ಚೆಂದರೆ 90. ಇಷ್ಟರಲ್ಲಿ ಬೀಟ್‌ರೂಟ್ ಆಗುತ್ತದಾ? ಹೋದ ವರ್ಷ ಹಿಮ ಕರಗಿದ ವಾರವೇ ಬಿತ್ತಿದೆ. ತಿಂಗಳಾದರೂ ಮೊಳಕೆ ಬರಲಿಲ್ಲ. ಬೀಜವೇ ಸರಿ ಇರಲಿಲ್ಲ ಅನಿಸುತ್ತದೆ.

ಖಂಡಿತ ಆಗುತ್ತದೆ. ಬೀಜದ ಮೇಲೆ ಅನುಮಾನ ಬೇಡ. ನಿಮ್ಮ ಮಣ್ಣು ಇನ್ನೂ ತಣ್ಣಗಿತ್ತು.

ಮಣ್ಣು 5 ಡಿಗ್ರಿ ಸೆಲ್ಸಿಯಸ್ ಇದ್ದರೆ ಬೀಟ್‌ರೂಟ್ ಬೀಜ ಮೇಲೆ ಬರಲು ಸುಮಾರು 42 ದಿನ ಬೇಕು. 10 ಡಿಗ್ರಿ ಇದ್ದರೆ 17 ದಿನ. 15 ಡಿಗ್ರಿಗೆ 10 ದಿನ. 20 ಡಿಗ್ರಿ ಮುಟ್ಟಿದರೆ ಆರೇ ದಿನ. ಈ ನಾಲ್ಕು ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಬೀಜದ ಡಬ್ಬಿಗೆ ಅಂಟಿಸಿಬಿಡಿ. ನಾನು ಹಾಗೇ ಮಾಡಿದ್ದೇನೆ. ತಣ್ಣನೆ ಒದ್ದೆ ಮಣ್ಣಲ್ಲಿ ಅಷ್ಟು ದಿನ ಬಿದ್ದಿದ್ದರೆ ಬೀಜ ಸುಮ್ನೆ ಕಾಯುತ್ತಾ ಇರುವುದಿಲ್ಲ. ಕೊಳೆರೋಗದ ಶಿಲೀಂಧ್ರ ಹಿಡಿಯುತ್ತದೆ. ಮೇಲೆ ಬಂದ ಒಂದೆರಡು ಸಸಿಯೂ ಬುಡದಲ್ಲಿ ಕಪ್ಪಾಗಿ, ದಾರದಂತೆ ಸಣ್ಣಗಾಗಿ ಬಿದ್ದುಹೋಗುತ್ತವೆ.

ನನಗೂ ಮೊದಲ ವರ್ಷ ಇದೇ ಆಯಿತು. ಏಪ್ರಿಲ್ ನಡುವೆ ಒಂದು ಸಾಲು ಬಿತ್ತಿದೆ. ಮೇ ನಡುವೆ, ಬೇಜಾರಾಗಿ, ಪಕ್ಕದಲ್ಲೇ ಇನ್ನೊಂದು ಸಾಲು ಬಿತ್ತಿದೆ. ಎರಡನೇ ಸಾಲು ಒಂಬತ್ತನೇ ದಿನ ಕೆಂಪು ದಂಟಿನೊಂದಿಗೆ ಎದ್ದು ನಿಂತಿತು. ಮೊದಲ ಸಾಲಲ್ಲಿ ಅಲ್ಲೊಂದು ಇಲ್ಲೊಂದು ಬಡಕಲು ಸಸಿ. ಜುಲೈ ಹೊತ್ತಿಗೆ ತಡವಾಗಿ ಬಿತ್ತಿದ್ದೇ ಮುಂದಿತ್ತು. ಅವತ್ತಿನಿಂದ ನಾನು ಕ್ಯಾಲೆಂಡರ್ ನೋಡಿ ಬಿತ್ತುವುದಿಲ್ಲ, ಥರ್ಮಾಮೀಟರ್ ನೋಡಿ ಬಿತ್ತುತ್ತೇನೆ.

ಮಣ್ಣಿಗೆ ಚುಚ್ಚುವ ಥರ್ಮಾಮೀಟರ್ ಒಂದು ತಗೊಳ್ಳಿ. ಐದು ಸೆಂಟಿಮೀಟರ್ ಆಳಕ್ಕೆ ಇಳಿಸಿ, ಬೆಳಗ್ಗೆ ಎಂಟು ಗಂಟೆ ಸುಮಾರಿಗೆ ನೋಡಿ. ಮಧ್ಯಾಹ್ನ ನೋಡಬೇಡಿ. ಬಿಸಿಲಿಗೆ ಮೇಲ್ಮಣ್ಣು ಕಾದಿರುತ್ತದೆ, ಮೋಸ ಹೋಗುತ್ತೀರಿ. ಮೂರು ದಿನ ಸತತವಾಗಿ 10 ಡಿಗ್ರಿ ಮೇಲಿದ್ದರೆ ಬಿತ್ತಿ. ಆಗ ಒಂದೆರಡು ರಾತ್ರಿ ಲಘುವಾಗಿ ಫ್ರಾಸ್ಟ್ ಬಿದ್ದರೂ ಗಾಬರಿ ಬೇಡ, ಬೀಟ್‌ರೂಟ್ ಸಸಿ ಟೊಮೆಟೊ ಸಸಿಯಷ್ಟು ಸೂಕ್ಷ್ಮ ಅಲ್ಲ. ರಾತ್ರಿ ಒಂದು ಹಳೇ ಬೆಡ್‌ಶೀಟ್ ಹೊದಿಸಿದರೆ ಸಾಕು.

ಮಣ್ಣನ್ನು ಬೇಗ ಬೆಚ್ಚಗೆ ಮಾಡಲು ಎರಡು ದಾರಿ ಇದೆ. ಏರುಮಡಿ ಮಾಡಿದರೆ ನೀರು ಬಸಿದು ಬೇಗ ಕಾಯುತ್ತದೆ. ಮಡಿಯ ಮೇಲೆ ಎರಡು ಮೂರು ವಾರ ಮೊದಲೇ ಕಪ್ಪು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹಾಸಿಟ್ಟರೆ ಇನ್ನೂ ಒಳ್ಳೆಯದು. ಹಾಳೆ ಮಣ್ಣಿಗೆ ತಾಗಿರಬೇಕು. ನಡುವೆ ಗಾಳಿ ಇದ್ದರೆ ಬಿಸಿ ಕೆಳಗೆ ಇಳಿಯುವುದಿಲ್ಲ.

ಈಗ ದಿನದ ಲೆಕ್ಕ. ಅರ್ಲಿ ವಂಡರ್ ತಳಿ ಸುಮಾರು 50 ದಿನಕ್ಕೆ ಬರುತ್ತದೆ. ಡೆಟ್ರಾಯಿಟ್ ಡಾರ್ಕ್ ರೆಡ್ 60 ದಿನದ್ದು. ಅದು 1892ರಿಂದ ಬೀಜದಂಗಡಿಗಳಲ್ಲಿ ಇರುವ ತಳಿ, ಇವತ್ತಿಗೂ ನಂಬಬಹುದು. ಪೊಟ್ಟಣದ ಮೇಲಿನ ದಿನಕ್ಕೆ ಚಳಿ ನೆಲದವರು ಎರಡು ವಾರ ಸೇರಿಸಿಕೊಳ್ಳಬೇಕು. ಆಮೇಲೆ ನಿಮ್ಮ ಕಡೆ ಮೊದಲ ಗಟ್ಟಿ ಫ್ರಾಸ್ಟ್ ಬೀಳುವ ದಿನದಿಂದ ಹಿಂದಕ್ಕೆ ಎಣಿಸಿ. 60ಕ್ಕೆ 14 ಸೇರಿ 74. ನಿಮ್ಮ 90 ದಿನದಲ್ಲಿ ಇನ್ನೂ 16 ದಿನ ಕೈಯಲ್ಲಿ ಉಳಿಯಿತು, ಅಲ್ವಾ? 80 ದಿನ ಬೇಡುವ ದೊಡ್ಡ ಗಡ್ಡೆಯ ತಳಿಗಳ ಆಸೆ ಮಾತ್ರ ಬಿಟ್ಟುಬಿಡಿ.

ಇನ್ನೊಂದು ಮಾತು. ಬೀಟ್‌ರೂಟಿಗೆ ಚಳಿ ಶತ್ರು ಅಲ್ಲ. ಇದರ ಮೂಲ ಯುರೋಪಿನ ಕಡಲತೀರಗಳಲ್ಲಿ ತಂತಾನೇ ಬೆಳೆಯುವ ಕಾಡು ಗಿಡ. 15ರಿಂದ 20 ಡಿಗ್ರಿ ಹವೆ ಅದಕ್ಕೆ ಹಿತ. ತಣ್ಣನೆ ರಾತ್ರಿಯಲ್ಲಿ ಬಣ್ಣವೂ ಸಿಹಿಯೂ ಚೆನ್ನಾಗಿ ಕೂಡುತ್ತವೆ. ಸುಡುಬಿಸಿಲಿನ ಕಡೆಯವರಿಗೆ ಕಷ್ಟ ಆಗುವ ಬೆಳೆ ನಮಗೆ ಸಲೀಸು.

ಪ್ರಶ್ನೆ: ಲೆಕ್ಕ ಮಾಡಿ ಇಪ್ಪತ್ತು ಬೀಜ ಹಾಕಿದೆ. ಐವತ್ತಕ್ಕೂ ಜಾಸ್ತಿ ಸಸಿ ಬಂದಿವೆ. ಇದು ಹೇಗೆ? ಎಲ್ಲ ಚೆನ್ನಾಗಿವೆ, ಹಾಗೇ ಬಿಡಬಹುದಾ?

ಬಿಡಬೇಡಿ. ಈ ತಿಂಗಳ ಪತ್ರಗಳಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದೇ.

ಒಂದು ಬೀಜವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ. ಗುಂಡಗೂ ಇಲ್ಲ, ಚಪ್ಪಟೆಯೂ ಇಲ್ಲ. ಮೆಣಸಿನ ಕಾಳಿನ ಗಾತ್ರ, ಮೈಯೆಲ್ಲ ಉಬ್ಬು ತಗ್ಗು, ಬೆಂಡಿನಂತೆ ಹಗುರ. ಉಗುರಲ್ಲಿ ಒತ್ತಿದರೆ ಸುಲಭಕ್ಕೆ ಒಡೆಯುವುದಿಲ್ಲ. ನಾವು ಬೀಜ ಅನ್ನುವ ಇದು ನಿಜಕ್ಕೂ ಒಂದು ಗೊಂಚಲು. ಎರಡು ಮೂರು ಹೂವು ಒಟ್ಟಿಗೆ ಅಂಟಿಕೊಂಡು ಒಣಗಿ ಹೀಗಾಗಿರುತ್ತವೆ. ಒಳಗೆ ಎರಡರಿಂದ ನಾಲ್ಕು ನಿಜವಾದ ಬೀಜ, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಅದಕ್ಕೇ ಇಪ್ಪತ್ತು ಹಾಕಿದರೆ ಐವತ್ತು ಬರುತ್ತದೆ.

ಒಂದೇ ಸಸಿ ಕೊಡುವ ಬೀಜವೂ ಇದೆ. 1948ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಸವಿಟ್ಸ್ಕಿ ಎಂಬ ವಿಜ್ಞಾನಿ ಸಕ್ಕರೆ ಬೀಟ್ ಹೊಲದಲ್ಲಿ ಅಂಥ ಬೆರಳೆಣಿಕೆಯ ಗಿಡಗಳನ್ನು ಹುಡುಕಿ ತೆಗೆದರು. ಹೊಲದ ತುಂಬ ಬಗ್ಗಿ ಸಸಿ ಕೀಳುವವರ ಬೆನ್ನು ಅದರಿಂದ ಉಳಿಯಿತು. ತರಕಾರಿ ಬೀಟ್‌ರೂಟಿನಲ್ಲೂ ಮೊನೆಟಾ, ಸೋಲೊ ಎಂಬ ಒಂಟಿ ಬೀಜದ ತಳಿಗಳಿವೆ. ಉಳಿದ ತಳಿ ಹಾಕಿದವರು ಕೀಳಲೇಬೇಕು.

ಒಂದೇ ಕಡೆ ಮೂರು ಸಸಿ ಬಿಟ್ಟರೆ ಏನಾಗುತ್ತದೆ? ಬೇರುಗಳು ಒಂದರ ಮೈಮೇಲೆ ಒಂದು ಒತ್ತಿಕೊಂಡು ತಿರುಚುತ್ತವೆ. ದೀರ್ಘ ಬೇಸಿಗೆ ಇರುವ ಕಡೆ ಬಲವಾದದ್ದು ಪಕ್ಕದ್ದನ್ನು ತಳ್ಳಿ ನಿಧಾನಕ್ಕಾದರೂ ದಪ್ಪ ಆಗಬಹುದು. ನಮ್ಮ ನೂರು ದಿನದಲ್ಲಿ ಆ ಜಗಳ ಮುಗಿಯುವ ಮೊದಲೇ ಚಳಿ ಬಂದಿರುತ್ತದೆ. ಒಂದು ವರ್ಷ ನಾನು ಬೇಕಂತಲೇ ಒಂದು ಮೀಟರ್ ಸಾಲನ್ನು ಕೀಳದೆ ಬಿಟ್ಟು ನೋಡಿದೆ. ಪಕ್ಕದ ಮೀಟರಿನಲ್ಲಿ ನಾಲ್ಕು ಬೆರಳಿಗೊಂದರಂತೆ ಬಿಟ್ಟೆ. ಬಿತ್ತನೆ ಒಂದೇ ದಿನ, ಗೊಬ್ಬರ ಒಂದೇ, ನೀರು ಒಂದೇ. ಸೆಪ್ಟೆಂಬರಿನಲ್ಲಿ ಕೀಳದ ಸಾಲಲ್ಲಿ ಗೋಲಿ ಗಾತ್ರದ್ದು, ಇಲಿಬಾಲದಂಥದ್ದು, ಎರಡು ಸೇರಿ ಹೆಣೆದುಕೊಂಡದ್ದು. ಪಕ್ಕದಲ್ಲಿ ಹನ್ನೆರಡು ಗಡ್ಡೆ, ಒಂದೊಂದೂ ಮುಷ್ಟಿ ತುಂಬುವಂಥದ್ದು. ಬೇಸಿಗೆ ಕಡಿಮೆ ಅಂತ ದೂರುವವರಿಗೆ ನಾನು ಅದಕ್ಕೇ ಮೊದಲು ಕೇಳುವುದು, ಸಸಿ ಕಿತ್ತಿರಾ ಅಂತ.

ಯಾವಾಗ ಕೀಳಬೇಕು? ಬೀಜದೆಲೆ ಜೋಡಿ ಬಿಟ್ಟು ನಿಜವಾದ ಎಲೆ ಎರಡು ಬಂದಾಗ ಮೊದಲ ಸಲ. ಆಗ ಒಂದು ಗೊಂಚಲಿಗೆ ಒಂದೇ ಸಸಿ ಉಳಿಸಿ. ಎರಡು ವಾರ ಬಿಟ್ಟು ಇನ್ನೊಂದು ಸಲ. ಆಗ ನಿಮ್ಮ ಕೈಯ ನಾಲ್ಕು ಬೆರಳು ಜೋಡಿಸಿ ಮಣ್ಣಿಗೆ ಇಡಿ. ಆ ಅಗಲ, ಅಂದರೆ ಏಳೆಂಟು ಸೆಂಟಿಮೀಟರ್, ಎರಡು ಗಿಡಗಳ ನಡುವೆ ಇರಲಿ. ಸಾಲಿಂದ ಸಾಲಿಗೆ 30 ಸೆಂಟಿಮೀಟರ್. ಎಳೆಯಬೇಡಿ, ಸಣ್ಣ ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿ. ಎಳೆದರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ಕತ್ತರಿಸಿದ ಎಳೆ ಎಲೆ ತಿನ್ನಲು ಚೆನ್ನಾಗಿರುತ್ತದೆ. ಪಾಲಕ್, ಹರಿವೆ ಎಲ್ಲ ಇದರ ಬಳಗವೇ.

ಚೆನ್ನಾಗಿ ಬೆಳೆದಿರುವ ಸಸಿಯನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ, ಗೊತ್ತು. ನನಗೂ ಕೈ ತಡೆಯುತ್ತದೆ. ಆದರೂ ಕತ್ತರಿಸಿ.

ಪ್ರಶ್ನೆ: ಬೀಜ ನೆನೆಸಿ ಹಾಕಬೇಕಾ?

ನೆನೆಸಿದರೆ ಒಳ್ಳೆಯದು. ಆ ಬೆಂಡಿನಂಥ ಸಿಪ್ಪೆಯಲ್ಲಿ ಮೊಳಕೆ ತಡೆಯುವ ಅಂಶಗಳಿವೆ. ಉಗುರು ಬೆಚ್ಚಗಿನ ನೀರಲ್ಲಿ ಐದಾರು ಗಂಟೆ ಬಿಡಿ. ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು, ಬಟ್ಟೆ ಮೇಲೆ ಸ್ವಲ್ಪ ಆರಿಸಿ ಬಿತ್ತಿ. ಎರಡು ದಿನ ನೀರಲ್ಲೇ ಬಿಟ್ಟರೆ ಉಸಿರುಗಟ್ಟಿ ಸಾಯುತ್ತದೆ. ಆಳ ಒಂದೂವರೆಯಿಂದ ಎರಡು ಸೆಂಟಿಮೀಟರ್ ಸಾಕು. ಮೇಲೆ ಜರಡಿ ಹಿಡಿದ ಕಾಂಪೋಸ್ಟ್ ಮುಚ್ಚಿ. ಮಳೆ ಬಿದ್ದು ಜೇಡಿಮಣ್ಣು ಹೆಕ್ಕಳಗಟ್ಟಿದರೆ ಸಸಿ ಮೇಲೆ ಬರಲು ಒದ್ದಾಡುತ್ತದೆ.

ಪ್ರಶ್ನೆ: ಬೇರು ತರಕಾರಿಯನ್ನು ಸಸಿ ಮಾಡಿ ನೆಡಬಾರದು ಅಂತ ಕೇಳಿದ್ದೇನೆ. ಮನೆಯೊಳಗೆ ಟ್ರೇಯಲ್ಲಿ ಸಸಿ ಮಾಡಿದರೆ ಮೂರು ವಾರ ಉಳಿಯುತ್ತಿತ್ತು. ಬೀಟ್‌ರೂಟಿಗೂ ಆ ಮಾತು ಅನ್ವಯಿಸುತ್ತದಾ?

ಕ್ಯಾರೆಟ್‌ಗೆ ಆ ಮಾತು ನಿಜ. ಗುಂಡು ಬೀಟ್‌ರೂಟಿಗೆ ಅಲ್ಲ. ಕಾರಣ ಇದೆ. ಕ್ಯಾರೆಟ್ ಉದ್ದಕ್ಕೂ ಬೇರೇ. ಅದರ ತುದಿ ಮುರಿದರೆ ಎರಡು ಕವಲು ಒಡೆಯುತ್ತದೆ. ಬೀಟ್‌ರೂಟ್ ಹಾಗಲ್ಲ. ಬೀಜದೆಲೆಯ ಕೆಳಗಿನ ಚಿಕ್ಕ ದಂಟು ಮತ್ತು ಬೇರಿನ ಮೇಲ್ಭಾಗ, ಇವೆರಡೂ ಊದಿ ಗುಂಡಗಾಗುತ್ತವೆ. ಅದಕ್ಕೇ ಗಡ್ಡೆ ಅರ್ಧ ಮಣ್ಣಿನ ಮೇಲೆ ಕೂತಿರುತ್ತದೆ. ತುದಿ ಬೇರಿಗೆ ಸ್ವಲ್ಪ ಪೆಟ್ಟಾದರೂ ಗಡ್ಡೆಯ ಆಕಾರ ಕೆಡುವುದು ಕಡಿಮೆ. ಸಿಲಿಂಡ್ರಾ ಥರದ ಉದ್ದನೆ ತಳಿಗಳನ್ನು ಮಾತ್ರ ನೇರವಾಗಿ ನೆಲಕ್ಕೇ ಹಾಕಿ.

ನೆಲಕ್ಕೆ ಹೋಗುವ ನಾಲ್ಕು ವಾರ ಮೊದಲು ಟ್ರೇಯಲ್ಲಿ ಬಿತ್ತಿ. ಒಂದು ಕುಳಿಗೆ ಒಂದು ಗೊಂಚಲು. ಹೆಚ್ಚುವರಿ ಸಸಿ ಅಲ್ಲೇ ಕತ್ತರಿಸಿ. ಮೂರು ನಾಲ್ಕು ಎಲೆ ಬಂದಾಗ ನೆಡಿ, ಬೇರು ಕುಳಿಯ ತಳದಲ್ಲಿ ಸುತ್ತಿಕೊಳ್ಳುವವರೆಗೆ ಕಾಯಬೇಡಿ. ನೆಡುವ ಮೊದಲು ಒಂದು ವಾರ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಚಳಿ ಗಾಳಿಗೆ ಹೊಂದಿಸಿ. ಈ ಒಂದು ವಾರ ಉಳಿಸಲು ಹೋದವರ ಸಸಿ ಎಲೆ ಬೆಳ್ಳಗಾಗಿ ಹತ್ತು ದಿನ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಉಳಿಸಿದ ದಿನ ಅಲ್ಲೇ ಹೋಯಿತು.

ಪ್ರಶ್ನೆ: ಜುಲೈ ಹೊತ್ತಿಗೆ ಅರ್ಧಕ್ಕರ್ಧ ಗಿಡ ಹೂವಿನ ದಂಟು ಎತ್ತಿದವು. ಗಡ್ಡೆ ಮರದ ತುಂಡಿನ ಹಾಗೆ. ಏಕೆ?

ಬೀಟ್‌ರೂಟ್ ಎರಡು ವರ್ಷದ ಗಿಡ. ಮೊದಲ ವರ್ಷ ಗಡ್ಡೆ ಕಟ್ಟುತ್ತದೆ, ಚಳಿಗಾಲ ಕಳೆದು ಎರಡನೇ ವರ್ಷ ಹೂ ಬಿಡುತ್ತದೆ. ಚಳಿಗಾಲ ಕಳೆಯಿತು ಅಂತ ಅದಕ್ಕೆ ಗೊತ್ತಾಗುವುದು ತಂಪಿನಿಂದಲೇ. ನಾಲ್ಕೈದು ಎಲೆ ಬಂದ ಸಸಿ ಎರಡು ಮೂರು ವಾರ 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ನಿಂತರೆ, ಒಂದು ಚಳಿಗಾಲ ಮುಗಿದೇ ಹೋಯಿತು ಎಂದು ಗಿಡ ತಿಳಿಯುತ್ತದೆ. ಆಮೇಲೆ ಹಗಲು ಉದ್ದವಾದಾಗ ದಂಟು ಎತ್ತುತ್ತದೆ. ಉತ್ತರಕ್ಕೆ ಹೋದಷ್ಟೂ ಬೇಸಿಗೆಯ ಹಗಲು ಉದ್ದ. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಜೂನ್ ಕೊನೆಗೆ ಸೂರ್ಯ 21 ಗಂಟೆಗೂ ಹೆಚ್ಚು ಹೊತ್ತು ಮುಳುಗುವುದಿಲ್ಲ. ಅಂಥ ಕಡೆ ಈ ತೊಂದರೆ ಇನ್ನೂ ಜಾಸ್ತಿ.

ಹಾಗಾಗಿ ಬೇಗ ಬಿತ್ತುವುದರಲ್ಲಿ ಎರಡು ನಷ್ಟ. ಬೀಜ ಕೊಳೆಯುತ್ತದೆ, ಉಳಿದದ್ದು ಹೂವಿಗೆ ಹೋಗುತ್ತದೆ. ಬೇಗ ಹಾಕಲೇಬೇಕು ಅಂದರೆ ಬೋಲ್ಟಾರ್ಡಿ ತಳಿ ಹಾಕಿ, ಸುಲಭಕ್ಕೆ ದಂಟು ಎತ್ತದ ಹಾಗೆ ಆರಿಸಿ ಬೆಳೆಸಿದ ತಳಿ ಅದು. ಮೇಲೆ ತೆಳು ಬಟ್ಟೆಯ ಹೊದಿಕೆ ಇರಲಿ. ದಂಟು ಬಂದ ಗಿಡವನ್ನು ಕತ್ತರಿಸಿ ಸರಿ ಮಾಡಲು ಆಗುವುದಿಲ್ಲ. ಕಿತ್ತು ಜಾಗ ಖಾಲಿ ಮಾಡಿ.

ಪ್ರಶ್ನೆ: ಎಲೆ ಮೊಣಕಾಲುದ್ದ, ಕೆಳಗೆ ನಿಂಬೆಹಣ್ಣಿನಷ್ಟೂ ಗಡ್ಡೆ ಇಲ್ಲ. ಕೋಳಿಗೊಬ್ಬರ ಧಾರಾಳವಾಗಿ ಕೊಟ್ಟಿದ್ದೇನೆ.

ಉತ್ತರ ನಿಮ್ಮ ಕೊನೇ ಮಾತಿನಲ್ಲೇ ಇದೆ. ಸಾರಜನಕ ಜಾಸ್ತಿಯಾದರೆ ಗಿಡ ಎಲೆ ಮಾಡುತ್ತಾ ಕೂರುತ್ತದೆ. ಮುಂದಿನ ಸಲ ಹಿಂದಿನ ಶರತ್ಕಾಲದಲ್ಲೇ ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿಡಿ, ಬೆಳೆ ಇರುವಾಗ ಹಸಿ ಗೊಬ್ಬರ ಬೇಡ. ನೆರಳಿದ್ದರೂ ಹೀಗೇ ಆಗುತ್ತದೆ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಮಣ್ಣಿನ ಹುಳಿ ಕೂಡ ನೋಡಿ. ಬೀಟ್‌ರೂಟಿಗೆ ಹುಳಿ ಮಣ್ಣು ಆಗುವುದಿಲ್ಲ. ಹುಳಿ ಅಳೆಯುವ ಅಂಕಿ, ಅಂದರೆ ಪಿಎಚ್, 6ರಿಂದ 7.5ರ ಒಳಗಿರಲಿ. ಕಡಿಮೆ ಇದ್ದರೆ ಸುಣ್ಣ ಅಥವಾ ಸ್ವಲ್ಪ ಕಟ್ಟಿಗೆ ಬೂದಿ ಹಾಕಿ. ಪರೀಕ್ಷೆ ಮಾಡದೆ ಹಾಕಬೇಡಿ. ಏಕೆ ಅನ್ನುವುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಗಡ್ಡೆ ಹೆಚ್ಚಿದಾಗ ಒಳಗೆ ಕೆಲವದರಲ್ಲಿ ಬಿಳಿ ಉಂಗುರ, ಕೆಲವದರಲ್ಲಿ ಕಪ್ಪು ಗಟ್ಟಿ ಚುಕ್ಕೆ. ಎರಡೂ ಒಂದೇ ರೋಗವಾ?

ಅಲ್ಲ. ಬೀಟ್‌ರೂಟ್ ಉಂಗುರ ಉಂಗುರವಾಗಿಯೇ ದಪ್ಪ ಆಗುವುದು. ಸೆಕೆ ಜಾಸ್ತಿಯಾದಾಗ, ಅಥವಾ ಒಂದು ವಾರ ಒಣಗಿಸಿ ಒಂದು ದಿನ ಮುಳುಗಿಸುವ ಹಾಗೆ ನೀರು ಕೊಟ್ಟಾಗ, ಕೆಲವು ಉಂಗುರ ಬಣ್ಣ ಹಿಡಿಯುವುದಿಲ್ಲ. ತಿನ್ನಲು ಏನೂ ತೊಂದರೆ ಇಲ್ಲ. ಕಿಯೋಜ್ಜಾ ತಳಿಯಲ್ಲಂತೂ ಬಿಳಿ ಕೆಂಪು ಉಂಗುರ ಹುಟ್ಟುಗುಣವೇ.

ಕಪ್ಪು ಚುಕ್ಕೆ ಬೋರಾನ್ ಎಂಬ ಪೋಷಕಾಂಶದ ಕೊರತೆ. ಮರಳು ಮಣ್ಣಲ್ಲಿ, ಒಣಗಿದ ಮಣ್ಣಲ್ಲಿ, ಮತ್ತು ಸುಣ್ಣ ಜಾಸ್ತಿಯಾದ ಮಣ್ಣಲ್ಲಿ ಕಾಣುತ್ತದೆ. ಮಣ್ಣಲ್ಲಿ ಬೋರಾನ್ ಇದ್ದರೂ ಸುಣ್ಣ ಹೆಚ್ಚಾದರೆ ಗಿಡಕ್ಕೆ ಸಿಗುವುದಿಲ್ಲ. ಬೂದಿ ಬೇಕಾಬಿಟ್ಟಿ ಹಾಕಬೇಡಿ ಅಂದಿದ್ದು ಇದಕ್ಕೇ. ಬೋರಾನ್ ಇರುವ ಬೋರಾಕ್ಸ್ ಪುಡಿ ತಂದು ಸುರಿಯುವ ಆತುರವೂ ಬೇಡ. ಬೀಟ್‌ರೂಟಿಗೆ ಸರಿಯಾದ ಪ್ರಮಾಣ ಪಕ್ಕದ ಬೀನ್ಸ್‌ಗೆ ವಿಷ ಆಗಬಹುದು. ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟೇ ಹಾಕಿ. ಕಾಂಪೋಸ್ಟ್ ಮತ್ತು ಸಮನಾಗಿ ನೀರು, ಇಷ್ಟರಲ್ಲೇ ನನ್ನ ತೋಟದ ಚುಕ್ಕೆ ಎರಡು ವರ್ಷದಲ್ಲಿ ಹೋಯಿತು.

ಪ್ರಶ್ನೆ: ಎಲೆ ಮೇಲೆ ಯಾರೋ ಗೀಚಿದ ಹಾಗೆ ಬೆಳ್ಳನೆ ದಾರಿ, ಆಮೇಲೆ ಕಂದು ಗುಳ್ಳೆ. ಏನಿದು?

ಎಲೆ ಕೊರೆಯುವ ನೊಣದ ಮರಿ. ಎಲೆಯ ಎರಡು ಪದರದ ನಡುವೆ ಕೂತು ತಿನ್ನುತ್ತದೆ, ಔಷಧಿ ಹೊಡೆದರೂ ತಾಗುವುದಿಲ್ಲ. ಎಲೆ ತಿರುಗಿಸಿ ನೋಡಿ, ಬಿಳಿ ಮೊಟ್ಟೆಗಳು ಸಾಲಾಗಿ ಅಂಟಿರುತ್ತವೆ. ಹೆಬ್ಬೆರಳಲ್ಲಿ ಉಜ್ಜಿಬಿಡಿ. ಕೊರೆದ ಎಲೆ ಕಿತ್ತು ತೋಟದಿಂದ ಹೊರಗೆ ಹಾಕಿ. ಬಿತ್ತಿದ ದಿನವೇ ತೆಳು ಬಟ್ಟೆ ಹೊದಿಸಿದರೆ ನೊಣ ಒಳಗೇ ಬರುವುದಿಲ್ಲ, ಚಳಿಗೂ ಆಯಿತು.

ಪ್ರಶ್ನೆ: ಬೀಟ್‌ರೂಟ್ ತಿಂದ ಮರುದಿನ ಮಗಳ ಮೂತ್ರ ಕೆಂಪಗಿತ್ತು. ತುಂಬ ಹೆದರಿದೆ. ಮತ್ತೆ ಕೊಡಬಹುದಾ?

ಹೆದರಿಕೆ ಸಹಜ ತಾಯಿ. ಅದು ಬೀಟ್‌ರೂಟಿನ ಕೆಂಪು ಬಣ್ಣವೇ, ಬೆಟಾನಿನ್ ಎನ್ನುತ್ತಾರೆ. ಕೆಲವರಲ್ಲಿ ಅದು ಪೂರ್ತಿ ಕರಗದೆ ಹಾಗೇ ಹೊರಗೆ ಬರುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಕೊಡಬಹುದು. ಬೀಟ್‌ರೂಟ್ ತಿನ್ನದ ದಿನವೂ ಕೆಂಪು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಗಡ್ಡೆ ಇನ್ನೂ ಸಣ್ಣದಿದೆ. ರಾತ್ರಿ ಸೊನ್ನೆಗೆ ಇಳಿಯಲು ಶುರುವಾಗಿದೆ. ಈಗಲೇ ಕೀಳಬೇಕಾ? ಚಳಿಗಾಲಕ್ಕೆ ಹೇಗೆ ಇಡುವುದು?

ಲಘು ಫ್ರಾಸ್ಟ್‌ಗೆ ಕೀಳಬೇಡಿ. ಮೈನಸ್ 2 ಡಿಗ್ರಿವರೆಗೆ ಗಿಡ ತಡೆಯುತ್ತದೆ, ಹಗಲು ಬಿಸಿಲಿದ್ದರೆ ಇನ್ನೂ ಸ್ವಲ್ಪ ದಪ್ಪ ಆಗುತ್ತದೆ. ಮಣ್ಣಿನ ಮೇಲೆ ಕಾಣುವ ಗಡ್ಡೆಯ ಹೆಗಲಿಗೆ ಸುತ್ತಲಿನ ಮಣ್ಣು ಏರಿಸಿ, ಒಣ ಹುಲ್ಲು ಹರಡಿ. ಮೈನಸ್ 4 ಡಿಗ್ರಿಗೆ ಇಳಿಯುತ್ತದೆ ಎಂಬ ಸುದ್ದಿ ಬಂದರೆ ಮಾತ್ರ ಆ ದಿನವೇ ಎಲ್ಲ ತೆಗೆದುಬಿಡಿ. ಹೆಗಲು ಹೆಪ್ಪುಗಟ್ಟಿ ಕರಗಿದ ಗಡ್ಡೆ ನೋಡಲು ಚೆನ್ನಾಗಿದ್ದರೂ ಪೆಟ್ಟಿಗೆಯಲ್ಲಿ ಮೊದಲು ಕೊಳೆಯುವುದು ಅದೇ. ಗಾತ್ರಕ್ಕೆ ಕೊರಗಬೇಡಿ. ಕಿತ್ತಳೆಯಷ್ಟಾಗಲೇಬೇಕೆಂದಿಲ್ಲ, ನಿಂಬೆಯಷ್ಟಿದ್ದರೂ ಎಳೆಯದು, ಮೃದು.

ಮೋಡ ಇರುವ ಒಣ ದಿನ ಕೀಳಿ. ಕೈಯಿಂದ ಮಣ್ಣು ಒರೆಸಿ, ತೊಳೆಯಬೇಡಿ. ಎಲೆಯನ್ನು ಚಾಕುವಿನಲ್ಲಿ ಕತ್ತರಿಸದೆ ತಿರುಚಿ ತೆಗೆಯಿರಿ, ಎರಡು ಬೆರಳಿನಷ್ಟು ದಂಟು ಉಳಿಯಲಿ. ಬಾಲದಂಥ ಬೇರನ್ನೂ ಹಾಗೇ ಬಿಡಿ. ಗಾಯ ಆದ ಕಡೆಯಿಂದ ಬಣ್ಣ ಸೋರುತ್ತದೆ, ಅಲ್ಲಿಂದಲೇ ಕೊಳೆ ಒಳಗೆ ಹೋಗುತ್ತದೆ. ಗುದ್ದಲಿ ತಾಗಿದ್ದು, ಹೆಗಲು ಒಡೆದದ್ದು ಬೇರೆ ಇಟ್ಟು ಮೊದಲು ಮುಗಿಸಿ.

ಉಳಿದವನ್ನು ಮರದ ಪೆಟ್ಟಿಗೆಯಲ್ಲಿ ಜೋಡಿಸಿ. ಕೆಳಗೆ ಎರಡು ಬೆರಳು ಮರಳು, ಮೇಲೆ ಒಂದು ಪದರ ಗಡ್ಡೆ, ಒಂದಕ್ಕೊಂದು ತಾಗದ ಹಾಗೆ. ಮತ್ತೆ ಮರಳು, ಮತ್ತೆ ಗಡ್ಡೆ. ಮರಳು ಎಷ್ಟು ಒದ್ದೆ ಇರಬೇಕು ಅಂದರೆ, ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಬೇಕು, ನೀರು ಮಾತ್ರ ತೊಟ್ಟಿಕ್ಕಬಾರದು. ಸೊನ್ನೆಯಿಂದ 4 ಡಿಗ್ರಿ ಒಳಗಿನ, ಹೆಪ್ಪುಗಟ್ಟದ ಕತ್ತಲೆ ಜಾಗದಲ್ಲಿ ಇಡಿ. ನನ್ನ ಪೆಟ್ಟಿಗೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬರುತ್ತದೆ. ತಿಂಗಳಿಗೊಮ್ಮೆ ಮರಳಿಗೆ ಕೈ ಹಾಕಿ ಒಂದೊಂದನ್ನೇ ಒತ್ತಿ ನೋಡುತ್ತೇನೆ. ಮೆತ್ತಗಾದದ್ದು ಸಿಕ್ಕರೆ ಅವತ್ತೇ ತೆಗೆಯುತ್ತೇನೆ. ಮರಳು ಒಣಗಿದ್ದರೆ ಮೇಲೆ ನೀರು ಚಿಮುಕಿಸಿ ಮುಚ್ಚಿಡುತ್ತೇನೆ.